ಎಫ್ ಮೇಲಿನ ಶಾರ್ಪ್ ಯಾರದು?

ಎಲ್ಲರಿಗೂ ನಮಸ್ಕಾರ. ಸಂಜೆ ಬಿಡುವು ಮಾಡಿಕೊಂಡು ಬಂದಿದ್ದೀರಿ, ತುಂಬಾ ಸಂತೋಷ.

ಮೈಸೂರಿನವರಿಗೆ ಹಸ್ತಪ್ರತಿ ಹೊಸದಲ್ಲ. ಅರ್ಥಶಾಸ್ತ್ರ ಓಲೆಗರಿಯಿಂದ ಎದ್ದು 1909ರಲ್ಲಿ ಅಚ್ಚಾದದ್ದು ನಮ್ಮೂರಿನಲ್ಲೇ. ಶಾಸನ ಓದುವವರೂ ಇಲ್ಲಿದ್ದೀರಿ. ಕಲ್ಲಿನಲ್ಲಿ ಸವೆದ ಅಕ್ಷರವನ್ನು ಊಹಿಸಿದರೆ ಕಂಸದೊಳಗೆ ಇಡುತ್ತೀರಿ. ಯುರೋಪಿನ ಹದಿನಾರನೇ ಶತಮಾನದ ಹಾಡುಗಳನ್ನು ಕಂಪ್ಯೂಟರಿನಲ್ಲಿ ಕೂರಿಸುವ ನಮಗೂ ಅದೇ ಶಿಸ್ತು ಬೇಕು.

ತೆರೆ ನೋಡಿ. ಮೇಲಿನ ದನಿ ಜಿ, ಎಫ್, ಜಿ ಅನ್ನುವ ಸ್ವರಗಳಲ್ಲಿ ನಿಲುಗಡೆಗೆ ಬರುತ್ತಿದೆ. ಇಂಥ ಕಡೆ ಹಾಡುವವರು ಎಫ್ ಅನ್ನು ಅರ್ಧ ಸ್ವರ ಏರಿಸುತ್ತಿದ್ದರು. ಪ್ರತಿಯಲ್ಲಿ ಎಷ್ಟೋ ಸಲ ಅದನ್ನು ಬರೆಯುತ್ತಿರಲಿಲ್ಲ. ನಮ್ಮಲ್ಲೂ ಗಮಕವನ್ನೆಲ್ಲ ಬರೆಯುವುದಿಲ್ಲ ಅಲ್ವಾ? ಪಾಠದಲ್ಲೇ ಬರುತ್ತದೆ. ಇದಕ್ಕೆ ಮ್ಯೂಸಿಕಾ ಫಿಕ್ಟಾ ಅನ್ನುತ್ತಾರೆ. ರೂಢಿ ಹೀಗಿದೆ: ಶಾರ್ಪ್, ಅಂದರೆ ಅರ್ಧ ಸ್ವರ ಏರಿಸುವ ಗುರುತು, ಸ್ವರದ ಎಡಕ್ಕಿದ್ದರೆ ಮೂಲದ್ದು, ನೆತ್ತಿಯ ಮೇಲಿದ್ದರೆ ಸಂಪಾದಕರದ್ದು.

ಮೊದಮೊದಲು ನಾನು ಎಲ್ಲವನ್ನೂ ಎಡಕ್ಕೇ ಹಾಕಿದೆ. ಪ್ಲೇ ಒತ್ತಿದರೆ ಸರಿಯಾಗೇ ಕೇಳುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಹಾಡುವ ಹುಡುಗಿಯೊಬ್ಬಳು, "ಸಾರ್, ಇದು ಪ್ರತಿಯಲ್ಲಿದೆಯಾ, ನೀವು ಹಾಕಿದ್ದಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು ಮೊದಲಿಂದ ಒಂದೊಂದೇ ಸ್ವರ ನೋಡಿದೆ. ಆ ಕೆಲಸ ನಿಮಗೆ ಬರುವುದು ಬೇಡ.

ಸ್ವರಲಿಪಿ ಬರೆಯುವ ಸಾಫ್ಟ್‌ವೇರ್‌ಗಳಿವೆ. ಲಿಲಿಪಾಂಡ್‌ನಲ್ಲಿ ಸಜೆಸ್ಟ್‌ಆಕ್ಸಿಡೆಂಟಲ್ಸ್ ಅನ್ನುವ ಒಂದು ಸಾಲು ಸಾಕು, ಶಾರ್ಪ್ ಸ್ವರದ ಮೇಲೆ ಹೋಗಿ ಕೂರುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ಶಾರ್ಪಿಗೆ ಕಂಸ ಹಾಕಬಹುದು. ಸುಮ್ನೆ ಅಕ್ಷರದ ಹಾಗೆ ಮೇಲೆ ಟೈಪ್ ಮಾಡಿದರೆ ಮಾತ್ರ ನುಡಿಸುವಾಗ ಅದು ಕೇಳಿಸುವುದಿಲ್ಲ. ಬರೀ ಕೆಂಪು ಬಣ್ಣ ಕೊಟ್ಟು ಬಿಡಬೇಡಿ. ಗಾಯಕರ ಕೈಗೆ ಬರುವುದು ಸರಸ್ವತಿಪುರಂನ ಜೆರಾಕ್ಸ್ ಪ್ರತಿ, ಅದರಲ್ಲಿ ಕೆಂಪೂ ಕಪ್ಪೇ. ಸ್ವರಗಳ ಮೇಲೆ ಎಳೆಯುವ ಚೌಕ ಗೆರೆಯನ್ನೂ ಇದಕ್ಕೆ ಬಳಸಬೇಡಿ. ಅದು ಲಿಗೇಚರ್ ಗುರುತು, ಮೂಲದಲ್ಲಿ ಕೂಡಿಸಿ ಬರೆದ ಸ್ವರಗಳಿಗೆ ಮೀಸಲು.

ನನಗೆ ಜಾಸ್ತಿ ಭಯ ಇನ್ನೊಂದರದ್ದು. ಆ ಪ್ರತಿಗಳಲ್ಲಿ ಒಂದೊಂದು ದನಿಯನ್ನೂ ಬೇರೆ ಬೇರೆಯಾಗಿ ಬರೆದಿರುತ್ತಾರೆ, ಕಾಲವನ್ನು ಭಾಗ ಮಾಡಿ ತೋರಿಸುವ ಬಾರ್ ಗೆರೆ ಇರುವುದಿಲ್ಲ. ಸ್ವರದ ಪಕ್ಕದ ಚುಕ್ಕೆ ಅದರ ಕಾಲವನ್ನು ಅರ್ಧದಷ್ಟು ಹೆಚ್ಚಿಸುತ್ತದೆ. ಬರೆದವನು ಟೆನರ್ ಅನ್ನುವ ದನಿಯಲ್ಲಿ ಅಂಥ ಒಂದು ಚುಕ್ಕೆ ಮರೆತ ಅಂದುಕೊಳ್ಳಿ. ಆ ಸ್ವರ ತನ್ನ ಕಾಲದ ಮೂರನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಅಲ್ಲಿಂದಾಚೆ ಇಡೀ ಟೆನರ್ ಅಷ್ಟು ಬೇಗ ಬಂದುಬಿಡುತ್ತದೆ. ಕೊನೆಯಲ್ಲಿ ಉಳಿದ ಜಾಗಕ್ಕೆ ಸಾಫ್ಟ್‌ವೇರ್ ತಾನೇ ವಿರಾಮ ತುಂಬಿಬಿಡುತ್ತದೆ. ಪುಟ ನೋಡಲು ಚೆನ್ನಾಗೇ ಇರುತ್ತದೆ. ದನಿಗಳು ಕಚ್ಚಾಡಲು ಶುರುವಾದ ಜಾಗಕ್ಕೆ ಕಿವಿ ಹಿಡಿದುಕೊಂಡು ಹಿಂದೆ ಹೋಗಬೇಕು. ಸಿಕ್ಕ ಮೇಲೆ ಚುಕ್ಕೆಯನ್ನು ಕಂಸದಲ್ಲಿ ಇಡಿ. ಕೊನೆಯ ಟಿಪ್ಪಣಿಯಲ್ಲಿ ಒಂದು ಸಾಲು ಬರೆಯಿರಿ: "ಟೆನರ್, 23ನೇ ಬಾರ್, 2ನೇ ಸ್ವರ: ಮೂಲದಲ್ಲಿ ಚುಕ್ಕೆ ಇಲ್ಲ." ನಾಳೆ ಒಬ್ಬರಿಗೆ ನಿಮ್ಮ ಊಹೆ ತಪ್ಪು ಅನ್ನಿಸಿದರೆ, ಆ ಸಾಲು ಹಿಡಿದು ಮೂಲಕ್ಕೆ ವಾಪಸ್ ಹೋಗುತ್ತಾರೆ.

ಲ್ಯಾಪ್‌ಟಾಪ್ ತೆಗೆಯಿರಿ. ಈ ಪುಟದ ಟೆನರ್‌ನಲ್ಲಿ ಅಂಥದ್ದೇ ಒಂದು ಚುಕ್ಕೆ ಬಿಟ್ಟುಹೋಗಿದೆ, ಒಟ್ಟಿಗೆ ಹುಡುಕೋಣ.