ಸರಿಗಮಪ ಹನುಮಂತ ಮತ್ತು ಎರಡನೇ ಸಲದ ಟಿವಿ

ಕೇಳುಗರೇ, ನಮಸ್ಕಾರ.

ರಿಯಾಲಿಟಿ ಶೋ ಫಿನಾಲೆ ಮುಗಿದ ಮೇಲೆ ಸ್ಪರ್ಧಿಗಳು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಅಂತ ನಾವು ಯಾರೂ ಜಾಸ್ತಿ ಯೋಚಿಸುವುದಿಲ್ಲ, ಅಲ್ವಾ? ಮುಂದಿನ ವಾರ ಅದೇ ಹೊತ್ತಿಗೆ ಇನ್ನೊಂದು ಶೋ ಶುರುವಾಗಿರುತ್ತದೆ. ಅದಕ್ಕೇ ಇವತ್ತು ಹನುಮಂತ ಅವರ ಬಗ್ಗೆ ಮಾತಾಡೋಣ. ಅದೇ, ಲುಂಗಿಯ ಹನುಮಂತ.

ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿ ಅವರ ಊರು. 2018ರ ಕೊನೆಯ ಹೊತ್ತಿಗೆ ಜೀ ಕನ್ನಡದ ಸರಿಗಮಪ 15ನೇ ಸೀಸನ್ನಿಗೆ ಬಂದಾಗ ಅವರು ಕುರಿ ಕಾಯುವ ಹುಡುಗ. ಹಾಡಿಗೆ ಕುರಿಗಳೇ ಕೇಳುಗರು. ಅಂಥವರು ಹಂಸಲೇಖ, ವಿಜಯ ಪ್ರಕಾಶ್, ಅರ್ಜುನ್ ಜನ್ಯ, ರಾಜೇಶ್ ಕೃಷ್ಣನ್ ಎದುರು ನಿಂತು, ಜಾನಪದವನ್ನು ಬಿಟ್ಟ ಗಂಟಲಲ್ಲಿ ಹಾಡಿದರು. ಸೀಸನ್ ಮುಗಿದಾಗ ರನ್ನರ್ ಅಪ್. ಗೆದ್ದವರು ಕೀರ್ತನ್ ಹೊಳ್ಳ. ಆದರೆ ಉತ್ತರ ಕರ್ನಾಟಕದ ಬಸ್ಸು, ಚಹಾದಂಗಡಿಗಳಲ್ಲಿ ಜನ ಜಾಸ್ತಿ ಮಾತಾಡಿದ್ದು ಹನುಮಂತನ ಬಗ್ಗೆಯೇ.

ಆಮೇಲೆ? ಹಾಡಿನ ಶೋದಿಂದ ಹೊರಬಂದವರಿಗೆಲ್ಲ ಸಿನಿಮಾದಲ್ಲಿ ಹಾಡುವ ಕನಸು ಇರುತ್ತದೆ. ನಿಜವಾಗಿ ಅನ್ನ ಹಾಕುವುದು ಮಾತ್ರ ಜಾತ್ರೆ, ಊರಹಬ್ಬ, ಗಣಪತಿ ಪೆಂಡಾಲು. ರಾತ್ರಿ ಹತ್ತಕ್ಕೆ ಅಂತ ಹೇಳಿದ ಕಾರ್ಯಕ್ರಮ ಸ್ವಾಗತ, ಸನ್ಮಾನ, ಭಾಷಣ ಎಲ್ಲ ಮುಗಿದು ಶುರುವಾಗುವಾಗ ಹನ್ನೆರಡು. ಮುಂದಿನ ಸಾಲಿನಲ್ಲಿ ಮಕ್ಕಳು ಚಾಪೆಯ ಮೇಲೆ ನಿದ್ದೆ. ತನ್ನ ದನಿ ತನಗೆ ಕೇಳಿಸುವ ಮಾನಿಟರ್ ಸ್ಪೀಕರ್ ಕೈಕೊಟ್ಟರೂ ಹಾಡಬೇಕು, ಒನ್ಸ್ ಮೋರ್ ಅಂದರೆ ಮತ್ತೆ ಹಾಡಬೇಕು, ಕೆಳಗಿಳಿದ ಮೇಲೆ ಸೆಲ್ಫಿಗೆ ನಿಲ್ಲಬೇಕು. ಕಷ್ಟದ ಕೆಲಸ, ಆದರೆ ಮರ್ಯಾದೆಯ ಕೆಲಸ. ಅದನ್ನು ಸಿನಿಮಾಕ್ಕಿಂತ ಕೆಳಗಿನದು ಅಂತ ನೋಡುವುದು ನನಗಂತೂ ಹಿಡಿಸುವುದಿಲ್ಲ. ನಡುವೆ ಹನುಮಂತ ಡ್ಯಾನ್ಸ್ ಶೋದಲ್ಲೂ ಕುಣಿದರು.

ಮತ್ತೆ 2024ರಲ್ಲಿ ಬಿಗ್ ಬಾಸ್ ಕನ್ನಡ 11ನೇ ಸೀಸನ್. ಶೋ ಶುರುವಾಗಿ ಕೆಲವು ವಾರ ಆಗಿತ್ತು, ಮನೆ ತುಂಬ ಜಗಳ, ಕಿರುಚಾಟ. ಆಗ ವೈಲ್ಡ್ ಕಾರ್ಡಿನಲ್ಲಿ ಒಳಗೆ ಹೋದವರು ಹನುಮಂತ. ಹೋದ ಹೊಸದರಲ್ಲೇ ಕ್ಯಾಪ್ಟನ್ ಆದರು. ಧನರಾಜ್ ಆಚಾರ್ ಜೊತೆ ದೋಸ್ತಿ ಬೆಳೆಯಿತು, 'ದೋಸ್ತಾ' ಅನ್ನುವುದು ಮನೆಮನೆಯ ಮಾತಾಯಿತು. 2025ರ ಜನವರಿಯಲ್ಲಿ ಸುದೀಪ್ ಕೈ ಎತ್ತಿ ಹಿಡಿದಾಗ ಗೆದ್ದಿದ್ದು ಅವರೇ. ವೈಲ್ಡ್ ಕಾರ್ಡಿನಲ್ಲಿ ಬಂದವರು ಕನ್ನಡದ ಬಿಗ್ ಬಾಸ್ ಗೆದ್ದಿದ್ದು ಅದೇ ಮೊದಲು. 50 ಲಕ್ಷ ಬಹುಮಾನ, 5 ಕೋಟಿಗೂ ಜಾಸ್ತಿ ವೋಟು.

ಎಲ್ಲರೂ ಹೇಳಿದ್ದು ಒಂದೇ, 'ಪಾಪ, ಮುಗ್ಧ ಹುಡುಗ'. ನನಗೆ ಹಾಗನ್ನಿಸುವುದಿಲ್ಲ. ಹಾಡಿನ ಶೋ ಅವರಿಗೆ ಆ ಹಣೆಪಟ್ಟಿ ಅಂಟಿಸಿತ್ತು, ಸರಿ. ಆದರೆ ಯಾರ ಜಗಳಕ್ಕೂ ಸುಮ್ನೆ ಬಾಯಿ ಹಾಕದೆ, ನಾಮಿನೇಷನ್ನಿನಲ್ಲಿ ಅನಿಸಿದ್ದನ್ನು ಎರಡೇ ಮಾತಲ್ಲಿ ಹೇಳಿ ಕೂತುಬಿಡುವುದಿದೆಯಲ್ಲ, ಅದು ಲೆಕ್ಕ ಗೊತ್ತಿದ್ದವರ ಆಟ. ವರ್ಷಗಟ್ಟಲೆ ಊರೂರಿನ ಸ್ಟೇಜಿನ ಮೇಲೆ ನಿಂತವರಿಗೆ ಜನ ಯಾವಾಗ ನಗುತ್ತಾರೆ, ಯಾವಾಗ ಬೇಜಾರಾಗುತ್ತಾರೆ ಅಂತ ಗೊತ್ತಾಗದೆ ಇರುತ್ತದೆಯೇ?

ಈ ಹೊತ್ತಿಗೆ ರಾಜೇಶ್ ನೆನಪಾಗುತ್ತಾರೆ. ಎಚ್‌.ಡಿ. ಕೋಟೆ ಕಾಡಿನಂಚಿನ ಬುಡಕಟ್ಟು ಹಾಡಿಯ ಹುಡುಗ. 'ಹಳ್ಳಿ ಹೈದ ಪ್ಯಾಟೇಗ್ ಬಂದ' ರಿಯಾಲಿಟಿ ಶೋ ಗೆದ್ದರು, 'ಜಂಗಲ್ ಜಾಕಿ' ಸಿನಿಮಾಕ್ಕೆ ಹೀರೋ ಆದರು, 2013ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಊರಿನಿಂದ ಕಿತ್ತು ತಂದು ಲೈಟಿನ ಕೆಳಗೆ ನಿಲ್ಲಿಸುವವರು, ಲೈಟು ಆರಿದ ಮೇಲೆ ಕೈ ಹಿಡಿಯಲು ಇರುವುದಿಲ್ಲ. ಹನುಮಂತ ಊರು ಬಿಡಲಿಲ್ಲ, ಲುಂಗಿ ಬಿಡಲಿಲ್ಲ. ಅದು ಅವರನ್ನು ಕಾಪಾಡಿತು ಅಂತ ನನ್ನ ಅಂದಾಜು.

ಒಂದು ತಕರಾರು ಮಾತ್ರ ಇದೆ. ಎರಡನೇ ಸಲ ಟಿವಿಗೆ ಬೇಕಾಗಿದ್ದು ಅವರ ಹಾಡಲ್ಲ, ಅವರ ಮಾತು ಮತ್ತು ಲುಂಗಿ. ಇಷ್ಟು ವೋಟು ಬಿದ್ದ ಮೇಲಾದರೂ ಯಾವುದೋ ಒಂದು ಚಾನೆಲ್ ವಾರಕ್ಕೆ ಅರ್ಧ ಗಂಟೆ ಕೊಟ್ಟು, ಟ್ರ್ಯಾಕ್ ಹಾಕದೆ, ಬರೀ ಹಲಗೆ, ತಾಳದ ಜೊತೆ ಜಾನಪದ ಹಾಡಿಸಬಹುದಲ್ಲ? ಭಾನುವಾರ ಬೆಳಿಗ್ಗೆ ಆರಕ್ಕೆ ಹಾಕಿದರೂ ನಾನು ಎದ್ದು ನೋಡುತ್ತೇನೆ.