ಜುಂ, ಚಳಕ್, ಸಿಡಿತ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ದಂತ ವೈದ್ಯ ವೃತ್ತಿಯಲ್ಲಿರುವ ಮನುಷ್ಯ. ನಮಗೆ ಬರುವ ಫೋನುಗಳಲ್ಲಿ ಒಂದು ಬಗೆಯದು ಸಂಜೆ ಏಳರ ಮೇಲೇ ಬರುತ್ತದೆ. "ಡಾಕ್ಟ್ರೇ, ಬೆಳಿಗ್ಗೆ ಹಲ್ಲಿಗೆ ಸಿಮೆಂಟ್ ಹಾಕಿದ್ರಲ್ಲ, ಈಗ ನೋಯ್ತಿದೆ. ಮೊದಲು ನೋವೇ ಇರಲಿಲ್ಲ." ಆ ಕೊನೆಯ ಮಾತಿನಲ್ಲಿ ಸಣ್ಣದೊಂದು ಆರೋಪ ಇರುತ್ತದೆ. ಇರಬೇಕಾದ್ದೇ. ದುಡ್ಡು ಕೊಟ್ಟು ನೋವು ತಂದುಕೊಂಡ ಹಾಗಾಯಿತಲ್ಲ!

ಆಗ ನಾನು ಕೇಳುವ ಮೊದಲ ಪ್ರಶ್ನೆ: "ಹೇಗೆ ನೋಯುತ್ತೆ?" "ನೋಯುತ್ತೆ ಅಷ್ಟೆ" ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಆದರೆ ನಮ್ಮ ಭಾಷೆಯಲ್ಲಿ ನೋವಿಗೆ ಎಷ್ಟೊಂದು ಮಾತುಗಳಿವೆ ನೋಡಿ. ಜುಂ ಅನ್ನುತ್ತೆ. ಚಳಕ್ ಅನ್ನುತ್ತೆ. ಸಿಡಿಯುತ್ತೆ. ಈ ಮೂರರಲ್ಲಿ ಯಾವುದು ಅಂತ ನೀವು ಹೇಳಿದರೆ ಸಾಕು, ಅರ್ಧ ಕೆಲಸ ಫೋನಿನಲ್ಲೇ ಮುಗಿಯಿತು. ಇವತ್ತು ನಾನು ಮಾತಾಡುವುದು ಈ ಮೂರರ ಬಗ್ಗೆಯೇ.

ಮೊದಲು ಜುಂ. ತಣ್ಣೀರು ಕುಡಿದರೆ, ಐಸ್ ಕ್ರೀಮ್ ತಿಂದರೆ, ಒಮ್ಮೊಮ್ಮೆ ಬೆಳಗಿನ ಚಳಿಗಾಳಿಗೆ ಬಾಯಿ ತೆರೆದರೂ ಸಾಕು, ಹಲ್ಲು ಜುಂ ಅನ್ನುತ್ತದೆ. ಎರಡು ಮೂರು ಕ್ಷಣ, ಆಮೇಲೆ ಇಲ್ಲ.

ಇದು ಯಾಕೆ ಬರುತ್ತದೆ? ಹಲ್ಲಿನ ಮೇಲೆ ಕಾಣುವ ಬಿಳಿ ಕವಚ ಎನಾಮೆಲ್. ಅದಕ್ಕೆ ನೋವು ಗೊತ್ತಿಲ್ಲ. ಅದರ ಕೆಳಗಿನ ಹಳದಿ ಪದರಕ್ಕೆ ಡೆಂಟಿನ್ ಅನ್ನುತ್ತೇವೆ. ಅದು ನೋಡಲು ಗಟ್ಟಿ, ಆದರೆ ಒಳಗೆಲ್ಲ ಸಣ್ಣ ಸಣ್ಣ ಕೊಳವೆಗಳು. ಒಂದು ಚದರ ಮಿಲಿಮೀಟರ್ ಜಾಗದಲ್ಲಿ, ಅಂದರೆ ಸಾಸಿವೆ ಕಾಳಿಗಿಂತ ಚಿಕ್ಕ ಜಾಗದಲ್ಲಿ, ಹತ್ತಾರು ಸಾವಿರ ಕೊಳವೆಗಳು. ಅವುಗಳ ತುಂಬ ನೀರಿನಂಥ ದ್ರವ. ಕೊಳವೆಗಳ ಇನ್ನೊಂದು ತುದಿಯಲ್ಲಿ ಹಲ್ಲಿನ ಜೀವ, ಅಂದರೆ ನರ ಮತ್ತು ರಕ್ತನಾಳ. ತಣ್ಣಗಿನದು ತಾಗಿದಾಗ ಆ ದ್ರವ ಸರಕ್ಕನೆ ಸರಿಯುತ್ತದೆ, ನರಕ್ಕೆ ಅದೇ ನೋವಾಗಿ ಕೇಳಿಸುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬ್ರಾನ್‌ಸ್ಟ್ರೋಮ್ ಎಂಬ ವಿಜ್ಞಾನಿ ಇದನ್ನು ಪ್ರಯೋಗ ಮಾಡಿ ವಿವರಿಸಿದರು. ಈಗಲೂ ನಾವು ನಂಬುವುದು ಅವರ ವಿವರಣೆಯನ್ನೇ.

ಹುಳುಕು ತೆಗೆಯುವಾಗ ನಾವು ಮಾಡುವುದೇನು? ನಿಮಿಷಕ್ಕೆ ಮೂರು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ಯಂತ್ರ ಹಿಡಿದು ಆ ಕೊಳವೆಗಳ ಬಾಯಿ ತೆರೆದುಬಿಡುತ್ತೇವೆ. ಬಿಸಿಯಾಗದಿರಲಿ ಎಂದು ನೀರು ಚಿಮ್ಮಿಸುತ್ತೇವೆ ನಿಜ, ಆದರೂ ಒಳಗಿನ ಜೀವ ಬೆಚ್ಚಿಬೀಳುತ್ತದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬುವುದಾದರೆ ಮೊದಲು ಆಸಿಡ್ ಹಚ್ಚಿ ತೊಳೆಯಬೇಕು, ಅಂಟು ಹಚ್ಚಬೇಕು, ಪದರ ಪದರವಾಗಿ ತುಂಬಿ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಬೇಕು. ಗಟ್ಟಿಯಾಗುವಾಗ ಅದು ಸುಮಾರು ನೂರಕ್ಕೆ ಎರಡು ಮೂರು ಪಾಲು ಕುಗ್ಗುತ್ತದೆ. ಕುಗ್ಗುತ್ತಾ ಹಲ್ಲಿನ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಹಳೆಯ ಬೆಳ್ಳಿ ಬಣ್ಣದ ಅಮಾಲ್ಗಮ್‌ನದು ಬೇರೆ ಕಥೆ. ಅದು ಲೋಹ. ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕುಡಿಯುವುದಕ್ಕೂ ಸ್ಟೀಲ್ ಲೋಟದಲ್ಲಿ ಕುಡಿಯುವುದಕ್ಕೂ ಬೆರಳಿಗೆ ಎಷ್ಟು ವ್ಯತ್ಯಾಸ! ಹಲ್ಲಿಗೂ ಅಷ್ಟೇ.

ಹಾಗಾಗಿ ಜುಂ ಅನ್ನುವುದು ಹೆಚ್ಚಿನ ಸಲ ಹೆದರುವ ನೋವಲ್ಲ. ಕಾಯುವ ನೋವು. ಎರಡು ವಾರ, ಕೆಲವರಿಗೆ ನಾಲ್ಕು ವಾರ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆಯಾ ಎನ್ನುವುದನ್ನು ಮಾತ್ರ ನೋಡಿಕೊಳ್ಳಿ. ಮೊದಲ ದಿನಗಳಲ್ಲಿ ತೀರಾ ತಣ್ಣಗಿನದು, ತೀರಾ ಬಿಸಿ, ನಿಂಬೆ ಪಾನಕ, ಸೋಡಾ ಬೇಡ. ಆ ಕಡೆ ಹಲ್ಲಿಗೆ ಕೆಲಸ ಕಡಿಮೆ ಕೊಡಿ. ಆದರೆ ನೋಯುತ್ತದೆ ಅಂತ ಬ್ರಷ್ ಮಾಡುವುದನ್ನು ಬಿಡಬೇಡಿ. ಮೆತ್ತಗಿನ ಬ್ರಷ್ ತಗೊಳ್ಳಿ, ಹಲ್ಲುಪುಡಿ ಇದ್ದಿಲು ಹಾಕಿ ಉಜ್ಜಬೇಡಿ.

ಜುಮ್ಮೆನ್ನುವ ಹಲ್ಲಿಗೆ ಅಂತಲೇ ಪೇಸ್ಟುಗಳು ಸಿಗುತ್ತವೆ. ಹಲವು ಪೇಸ್ಟುಗಳಲ್ಲಿ ಇರುವ ಮದ್ದು ಪೊಟ್ಯಾಸಿಯಂ ನೈಟ್ರೇಟ್. ನಮ್ಮ ಹಿರಿಯರು ಪೆಟ್ಲುಪ್ಪು ಅಂತಿದ್ದರಲ್ಲ, ಕೋವಿಮದ್ದಿಗೆ ಹಾಕುತ್ತಿದ್ದ ಉಪ್ಪು, ಅದೇ. ಬಾಯಿಯಲ್ಲೇನೂ ಸಿಡಿಯುವುದಿಲ್ಲ, ಹೆದರಬೇಡಿ. ನರವನ್ನು ಸ್ವಲ್ಪ ಮಂಕು ಮಾಡುತ್ತದೆ ಅಷ್ಟೆ. ಆದರೆ ಎರಡು ದಿನ ಹಚ್ಚಿ "ಏನೂ ಆಗಲಿಲ್ಲ" ಅಂತ ಬಿಸಾಡುವವರೇ ಜಾಸ್ತಿ. ದಿನಕ್ಕೆರಡು ಸಲ, ಕನಿಷ್ಠ ಎರಡು ವಾರ ಉಪಯೋಗಿಸಿದರೆ ಮಾತ್ರ ಅದರ ಗುಣ ಗೊತ್ತಾಗುತ್ತದೆ.

ಮಧ್ಯೆ ಒಂದು ಮಾತು. ಇಂಜೆಕ್ಷನ್ ಕೊಟ್ಟಿದ್ದರೆ ತುಟಿ, ಕೆನ್ನೆ ಎರಡು ಮೂರು ಗಂಟೆ ಜೋಮು ಹಿಡಿದಿರುತ್ತದೆ. ಅದು ಬಿಡುವವರೆಗೆ ಊಟ ಬೇಡ, ಬಿಸಿ ಕಾಫಿಯಂತೂ ಬೇಡವೇ ಬೇಡ. ಮಕ್ಕಳು ಆಟಕ್ಕೆ ಅಂತ ತುಟಿ ಜಗಿದು ಗಾಯ ಮಾಡಿಕೊಳ್ಳುತ್ತಾರೆ, ಪಕ್ಕದಲ್ಲೇ ಇರಿ.

ಇನ್ನು ಚಳಕ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆಂದರೆ ಸುಮ್ನೆ ಸಹಿಸಿಕೊಂಡಿರುವ ನೋವು ಅಂದರೆ ಇದೇ. ತಣ್ಣೀರಿಗೆ ಏನೂ ಇಲ್ಲ. ಆದರೆ ಹಲ್ಲು ಕಚ್ಚಿದ ಕೂಡಲೇ, ಅಕ್ಕಿರೊಟ್ಟಿ ಜಗಿದ ಕೂಡಲೇ, ಚಳಕ್! ಆ ಹಲ್ಲೊಂದೇ ಮೊದಲು ತಾಗುತ್ತಿದೆ ಅನ್ನಿಸುತ್ತದೆ. ಅನ್ನಿಸುವುದಲ್ಲ, ನಿಜಕ್ಕೂ ತಾಗುತ್ತಿರುತ್ತದೆ. ತುಂಬಿದ್ದು ಒಂದೆಳೆ ಎತ್ತರವಾಗಿದೆ.

ಎಷ್ಟು ಎತ್ತರ ಅಂತೀರಿ? ತಲೆಕೂದಲಿನಷ್ಟೂ ಬೇಕಾಗಿಲ್ಲ. ಹಲ್ಲು ದವಡೆಯ ಮೂಳೆಗೆ ನೇರ ಅಂಟಿಕೊಂಡಿಲ್ಲ. ಬೇರಿನ ಸುತ್ತ ಮೆತ್ತಗಿನ ನಾರಿನ ಪದರ ಇದೆ, ಆ ನಾರುಗಳಲ್ಲಿ ಹಲ್ಲು ತೂಗಿಕೊಂಡಿದೆ. ಅನ್ನದಲ್ಲಿ ಒಂದು ಸಣ್ಣ ಮರಳಿನ ಕಣ ಸಿಕ್ಕರೂ ತಕ್ಷಣ ಗೊತ್ತಾಗುತ್ತದಲ್ವಾ? ಅದನ್ನು ಹೇಳಿಕೊಡುವ ನಾರುಗಳು ಇವೇ. ಎತ್ತರವಾದ ಹಲ್ಲಿನ ಮೇಲೆ ಪ್ರತಿ ತುತ್ತಿಗೂ ಪೆಟ್ಟು ಬಿದ್ದು ಬಿದ್ದು ಅವು ನಂಜೇರಿದ ಹಾಗೆ ನೋಯತೊಡಗುತ್ತವೆ.

ಹಾಗಾದರೆ ಡಾಕ್ಟ್ರು ಅಲ್ಲೇ ನೋಡಬಾರದಿತ್ತೇ ಅಂತ ನೀವು ಕೇಳಬಹುದು. ನೋಡುತ್ತೇವೆ. ಬಣ್ಣದ ಕಾಗದ ಇಟ್ಟು "ಕಚ್ಚಿ, ಕಟಕಟ ಮಾಡಿ" ಅನ್ನುವುದು ಅದಕ್ಕೇ. ಎಲ್ಲಿ ಬಣ್ಣ ಗಾಢವಾಗಿ ಹತ್ತಿತೋ ಅಲ್ಲಿ ಎತ್ತರ ಇದೆ. ಆದರೆ ಆಗ ನಿಮ್ಮ ಅರ್ಧ ಬಾಯಿಗೆ ಜೋಮು. ಮಲಗಿದ ಕುರ್ಚಿಯಲ್ಲಿ ದವಡೆ ಕೂಡುವ ರೀತಿಯೇ ಬೇರೆ. ಒಂದು ಗಂಟೆ ಬಾಯಿ ತೆರೆದು ಸುಸ್ತು ಬೇರೆ. "ಸರಿ ಇದೆಯಾ?" ಅಂದರೆ "ಹ್ಞೂಂ" ಅಂದುಬಿಡುತ್ತೀರಿ. ಮನೆಗೆ ಹೋಗಿ ಊಟಕ್ಕೆ ಕೂತಾಗಲೇ ಸತ್ಯ ತಿಳಿಯುವುದು.

ನನಗೇ ಹೀಗಾಗಿದೆ. ಮೂರು ವರ್ಷದ ಹಿಂದೆ ನನ್ನ ಕೆಳದವಡೆಯ ಹಲ್ಲೊಂದಕ್ಕೆ ಹುಳುಕು ಬಂತು. ಬಂತಾ ಅಂತ ನಗಬೇಡಿ, ಅಡುಗೆಯವರಿಗೂ ಹೊಟ್ಟೆನೋವು ಬರುತ್ತದೆ. ಜೊತೆಯಲ್ಲಿ ಓದಿದ ಗೆಳತಿಯ ಹತ್ತಿರ ತುಂಬಿಸಿಕೊಂಡೆ. ರಾತ್ರಿ ಮೊದಲ ತುತ್ತಿಗೇ ಚಳಕ್. ಏನಾಗಿದೆ ಅಂತ ನನಗೆ ಗೊತ್ತು. ಐದು ನಿಮಿಷದ ಕೆಲಸ ಅಂತಲೂ ಗೊತ್ತು. ಆದರೂ ನಾಲ್ಕು ದಿನ ಫೋನ್ ಮಾಡಲಿಲ್ಲ. ಅವಳು ಬೇಜಾರು ಮಾಡಿಕೊಂಡಾಳು, ಕೆಲಸದಲ್ಲಿ ತಪ್ಪು ಹುಡುಕಿದ ಹಾಗಾಗುತ್ತದೆ ಅನ್ನುವ ಸಂಕೋಚ. ಕೊನೆಗೆ ಹೋದೆ. ಕಾಗದ ಇಟ್ಟಳು, ನೀಲಿ ಚುಕ್ಕೆ ನೋಡಿದಳು, ಎರಡು ಸಲ ಸವರಿದಳು. ಇಂಜೆಕ್ಷನ್ನೂ ಬೇಕಾಗಲಿಲ್ಲ. "ನಾಲ್ಕು ದಿನ ಏನು ಮಾಡ್ತಿದ್ದೆ?" ಅಂತ ಬೈದಳು.

ಆದ್ದರಿಂದ ಕಚ್ಚಿದಾಗ ಚಳಕ್ ಅಂದರೆ ಎರಡು ಮೂರು ದಿನ ನೋಡಿ, ಹಾಗೇ ಇದ್ದರೆ ತುಂಬಿದವರ ಹತ್ತಿರವೇ ಹೋಗಿ. ತಿಂದು ತಿಂದು ತಾನೇ ಸವೆಯುತ್ತದೆ ಅಂತ ಕಾಯಬೇಡಿ. ಈಗಿನ ಕಾಂಪೋಸಿಟ್ ಅಷ್ಟು ಬೇಗ ಸವೆಯುವುದಿಲ್ಲ, ಸವೆಯುವ ಮೊದಲು ನಿಮ್ಮ ತಾಳ್ಮೆ ಸವೆಯುತ್ತದೆ. ಎತ್ತರ ಸವರಿದ ಮೇಲೂ ನಾರುಗಳು ಸುಧಾರಿಸಲು ಕೆಲವು ದಿನ ಬೇಕು.

ಚಳಕ್‌ನಲ್ಲೇ ಇನ್ನೊಂದು ಜಾತಿ ಇದೆ. ಕಚ್ಚಿದಾಗ ಅಲ್ಲ, ಕಚ್ಚಿ ಬಿಟ್ಟಾಗ ನೋಯುವುದು. ಹಾಗಿದ್ದರೆ ಹಲ್ಲಿನಲ್ಲಿ ಸಣ್ಣ ಬಿರುಕು ಇರಬಹುದು. ಗಟ್ಟಿ ಅಡಿಕೆ ಜಗಿಯುವವರಲ್ಲಿ, ಕೋಡುಬಳೆಯನ್ನು ಹಟ ಹಿಡಿದು ಕಡಿಯುವವರಲ್ಲಿ ಇದನ್ನು ಕಂಡಿದ್ದೇನೆ. ಈ ಸಣ್ಣ ವ್ಯತ್ಯಾಸವನ್ನು ಮರೆಯದೆ ಹೇಳಿ. ಎಕ್ಸ್‌ರೇಯಲ್ಲೂ ಎಷ್ಟೋ ಸಲ ಬಿರುಕು ಕಾಣಿಸುವುದಿಲ್ಲ, ನಿಮ್ಮ ಮಾತೇ ನಮಗೆ ದಾರಿ.

ಮೂರನೆಯದು ಸಿಡಿತ. ಇದು ಬೇರೆ ಮನೆತನದ ನೋವು. ಯಾರೂ ಮುಟ್ಟದೆ, ಏನೂ ತಿನ್ನದೆ ತಾನಾಗಿ ಬರುತ್ತದೆ. ಬಿಸಿ ಕುಡಿದರೆ ಏರುತ್ತದೆ, ಗಂಟೆಗಟ್ಟಲೆ ಇಳಿಯುವುದಿಲ್ಲ. ರಾತ್ರಿ ಮಲಗಿದರೆ ಇನ್ನೂ ಜೋರು, ಎದೆ ಬಡಿದ ಹಾಗೆ ಹಲ್ಲು ಬಡಿಯುತ್ತದೆ. ಕೆಲವರು ತಣ್ಣೀರಿನ ಚೊಂಬು ಪಕ್ಕದಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಬಾಯಿಯಲ್ಲಿ ಹಿಡಿದು ಬೆಳಗು ಮಾಡುತ್ತಾರೆ. ಕೈಗೆ ಪೆಟ್ಟಾದರೆ ಕೈ ಊದಿಕೊಳ್ಳುತ್ತದೆ. ಹಲ್ಲಿನ ಜೀವಕ್ಕೆ ಊದಿಕೊಳ್ಳಲು ಜಾಗವೇ ಇಲ್ಲ, ಸುತ್ತಲೂ ಕಲ್ಲಿನಂಥ ಗೋಡೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರಿ ಇನ್ನಷ್ಟು ಹಿಂಸೆ. ದಿಂಬು ಎತ್ತರ ಮಾಡಿಕೊಂಡರೆ ರಾತ್ರಿ ಹೇಗೋ ಕಳೆಯಬಹುದು, ಆದರೆ ಮರುದಿನ ಡಾಕ್ಟ್ರ ಹತ್ತಿರ ಹೋಗಲೇಬೇಕು. ಬಹಳ ಸಲ ಇದಕ್ಕೆ ರೂಟ್ ಕೆನಾಲ್ ಬೇಕಾಗುತ್ತದೆ.

ಇಲ್ಲಿಯೇ ಜಗಳ ಶುರುವಾಗುವುದು. "ತುಂಬಿದ್ದು ಸರಿಯಿಲ್ಲ, ಅದಕ್ಕೇ ರೂಟ್ ಕೆನಾಲ್ ಬಂತು" ಅಂತ. ಕೆಲವು ಸಲ ಅದೂ ಇರಬಹುದು, ನಮ್ಮವರೆಲ್ಲ ತಪ್ಪೇ ಮಾಡದವರು ಅಂತ ನಾನು ಹೇಳುವುದಿಲ್ಲ. ಆದರೆ ಹೆಚ್ಚಾಗಿ ಹುಳುಕು ಅಷ್ಟು ಹೊತ್ತಿಗೇ ಆಳಕ್ಕೆ ಇಳಿದಿರುತ್ತದೆ. ಜೀವ ಉಳಿಯುತ್ತದಾ ನೋಡೋಣ ಅಂತ ಪ್ರಯತ್ನ ಮಾಡಿರುತ್ತೇವೆ, ಅದು ಉಳಿಯುವುದಿಲ್ಲ. ಇದನ್ನು ತುಂಬುವ ಮೊದಲೇ ಬಾಯಿಬಿಟ್ಟು ಹೇಳದೆ ಇದ್ದರೆ ಅದು ಮಾತ್ರ ನಮ್ಮದೇ ತಪ್ಪು.

ಮುಖ ಊದಿಕೊಂಡರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಿನವರೆಗೆ ಕಾಯಬೇಡಿ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ.

ಮಾತ್ರೆಯ ವಿಷಯ. ದೊಡ್ಡವರಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, ಆರು ಗಂಟೆ ಬಿಟ್ಟು ಇನ್ನೊಂದು. ಲಿವರ್ ತೊಂದರೆ ಇರುವವರು ಕೇಳದೆ ತಗೊಳ್ಳಬಾರದು. ಐಬುಪ್ರೊಫೇನ್ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು, ಬಸುರಿಯರು ಡಾಕ್ಟ್ರನ್ನು ಕೇಳದೆ ಮುಟ್ಟಬೇಡಿ. ಡೆಂಗಿ ಅನುಮಾನ ಇರುವ ಜ್ವರ ಇದ್ದರಂತೂ ಬೇಡವೇ ಬೇಡ. ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ನುಂಗುವುದು ದಂಡ. ಹಲ್ಲಿನ ಒಳಗಿನ ನೋವನ್ನು ಅದು ತೆಗೆಯುವುದಿಲ್ಲ.

ಲವಂಗದ ಎಣ್ಣೆ? ಅದರ ಮೇಲೆ ನನಗೆ ಗೌರವ ಇದೆ. ದಂತ ವೈದ್ಯರ ಕೋಣೆಗೆ ಒಂದು ವಾಸನೆ ಇರುತ್ತದಲ್ಲ, ಅದು ಲವಂಗದ್ದೇ. ಅದರಲ್ಲಿರುವ ಯುಜಿನಾಲ್ ಅನ್ನು ಸತುವಿನ ಆಕ್ಸೈಡ್ ಪುಡಿಗೆ ಕಲಸಿ ತಾತ್ಕಾಲಿಕವಾಗಿ ತುಂಬುತ್ತೇವೆ. ಆದರೆ ಮುಚ್ಚಿದ ಹಲ್ಲಿನ ಮೇಲೆ ನೀವು ಲವಂಗದೆಣ್ಣೆ ಹಚ್ಚಿದರೆ ಅದು ಒಳಗೆ ಹೋಗುವ ದಾರಿ ಎಲ್ಲಿದೆ? ವಸಡಿಗೆ ಇಳಿದು ಅಲ್ಲಿ ಸುಡುತ್ತದೆ. ಕರ್ಪೂರ, ಹೊಗೆಸೊಪ್ಪು, ವಸಡಿಗೆ ಒತ್ತಿಟ್ಟ ಆಸ್ಪಿರಿನ್ ಮಾತ್ರೆಯೂ ಅಷ್ಟೇ. ಹಲ್ಲಿನ ನೋವಿಗೆ ಬಂದವರ ವಸಡಿನ ಹುಣ್ಣಿಗೆ ಮೊದಲು ಔಷಧಿ ಕೊಟ್ಟ ದಿನಗಳಿವೆ.

ಹೋದ ಮಳೆಗಾಲದಲ್ಲಿ ಒಬ್ಬರು ಅಡಿಕೆ ತೋಟದವರು ಬಂದಿದ್ದರು. ಹಿಂದೆ ನಾನೇ ಅವರ ಬಲಗಡೆ ದವಡೆ ಹಲ್ಲು ತುಂಬಿದ್ದೆ. ಎರಡು ತಿಂಗಳಿಂದ ಬರೀ ಎಡಗಡೆಯಲ್ಲೇ ಊಟ ಮಾಡುತ್ತಿದ್ದರಂತೆ. ಹೇಗೆ ನೋಯುತ್ತೆ ಅಂತ ಕೇಳಿದೆ. "ಜುಂ ಅಲ್ಲ, ಚಳಕ್" ಅಂದರು. ಕಾಗದ ಇಟ್ಟೆ, ಚುಕ್ಕೆ ಸಿಕ್ಕಿತು, ಸವರಿದೆ. ಕುರ್ಚಿಯಲ್ಲಿ ಎದ್ದು ಕೂತು ಮೆಲ್ಲಗೆ ಕಚ್ಚಿ ನೋಡಿದರು. ಇನ್ನೊಮ್ಮೆ ಜೋರಾಗಿ ಕಚ್ಚಿದರು. ಜೇಬಿಗೆ ಕೈ ಹಾಕಿ "ಎಷ್ಟಾಯ್ತು?" ಅಂದರು. "ಇದಕ್ಕೇನೂ ಇಲ್ಲ, ನಾನು ತುಂಬಿದ್ದೇ ಅಲ್ವಾ" ಅಂದೆ.

ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಸಿಟ್ಟು ಬಂತು. "ಇದನ್ನ ಅವತ್ತೇ ಹೇಳಬಾರದಿತ್ತಾ ಡಾಕ್ಟ್ರೇ? ಮತ್ತೆ ದುಡ್ಡಾಗುತ್ತೆ ಅಂತ ತಾನೇ ನಾನು ಎರಡು ತಿಂಗಳು ಬಾರದೆ ಕೂತಿದ್ದು!"

ನಮಸ್ಕಾರ.