ಮೊದಲು ಜನಕ್ಕೆ ಹಕ್ಕುಪತ್ರ, ಆಮೇಲೆ ಮರಕ್ಕೆ ರಹದಾರಿ

ಕೇಳುಗರಿಗೆ ನಮಸ್ಕಾರ.

ಮರ ಕಡಿಯುವುದೇ ತಪ್ಪು ಅಂತ ನಂಬಿದವರು ನಿಮ್ಮಲ್ಲಿ ತುಂಬ ಜನ ಇರುತ್ತೀರಿ. ನಿಮ್ಮ ಕಾಳಜಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಇವತ್ತು ಸ್ವಲ್ಪ ಬೇರೆ ಮಾತು ಹೇಳಬೇಕು. ಬಾಗಿಲಿಗೆ ಮರ ಬೇಕು, ಮಂಚಕ್ಕೆ ಬೇಕು, ಕಾಗದಕ್ಕೆ ಬೇಕು, ಗಿಟಾರಿಗೂ ಬೇಕು. ಬೇಕು ಅಂದಮೇಲೆ ಎಲ್ಲೋ ಒಂದು ಕಡೆ ಕಡಿಯುತ್ತಾರೆ. ಹಾಗಾಗಿ ನಾವು ಕೇಳಬೇಕಾದದ್ದು ಇಷ್ಟು. ಯಾರು ಕಡಿದರು? ಯಾರನ್ನು ಕೇಳಿ ಕಡಿದರು? ಮಾರಿದ ದುಡ್ಡು ಯಾರ ಕೈ ಸೇರಿತು?

ಈ ಮೂರು ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಈ ಹದಿನೈದು ನಿಮಿಷದಲ್ಲಿ ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಮೊದಲು ಜನಕ್ಕೆ ಹಕ್ಕುಪತ್ರ ಕೊಡಿ, ಆಮೇಲೆ ಮರಕ್ಕೆ ರಹದಾರಿ, ಅಂದರೆ ಸಾಗಿಸುವ ಪರವಾನಗಿ, ಕೇಳಿ. ಈ ಕ್ರಮ ತಿರುಗಾಮುರುಗಾ ಆದರೆ ಕಾಡೂ ಉಳಿಯುವುದಿಲ್ಲ, ಜನವೂ ಉಳಿಯುವುದಿಲ್ಲ.

ನಾಟಾ ಅಂದರೆ ಕಡಿದು ಮಾರುವ ಮರ. ಕಳ್ಳ ನಾಟಾ ಅಂದರೆ ಏನು? ಸರಳವಾಗಿ ಹೇಳುತ್ತೇನೆ. ಪರವಾನಗಿ ಇಲ್ಲದೆ ಕಡಿದದ್ದು. ಪರವಾನಗಿ ಒಂದು ಕಡೆಗೆ, ಕಡಿದದ್ದು ಇನ್ನೊಂದು ಕಡೆ. ಹತ್ತು ಮರಕ್ಕೆ ಅನುಮತಿ, ಬಿದ್ದದ್ದು ನೂರು. ತೆರಿಗೆ ಕಟ್ಟದೆ ಗಡಿ ದಾಟಿಸಿದ್ದು. ಜಗತ್ತಿನ ಮರದ ವ್ಯಾಪಾರದಲ್ಲಿ ನೂರಕ್ಕೆ 15ರಿಂದ 30ರಷ್ಟು ಇಂಥದ್ದು ಅಂತ 2012ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ಇಂಟರ್‌ಪೋಲ್ ಸೇರಿ ಅಂದಾಜು ಮಾಡಿದವು. ಕದ್ದ ಮರ ಅಗ್ಗ. ಅದು ಪೇಟೆಗೆ ಬಂದರೆ ನಿಯತ್ತಾಗಿ ಕಡಿದವನ ಮರಕ್ಕೆ ಬೆಲೆ ಸಿಗುವುದಿಲ್ಲ.

ಕೊಳ್ಳುವ ದೇಶಗಳು ಇದಕ್ಕೆ ಕಾನೂನು ಮಾಡಿದವು. ಅಮೆರಿಕದಲ್ಲಿ ಲೇಸಿ ಕಾಯ್ದೆ ಅಂತ ಒಂದಿದೆ, 1900ರದ್ದು. ಕದ್ದು ಬೇಟೆಯಾಡಿದ ಪ್ರಾಣಿ ಪಕ್ಷಿಗಳ ವ್ಯಾಪಾರ ತಡೆಯಲು ಮಾಡಿದ್ದು. 2008ರಲ್ಲಿ ಅದನ್ನು ತಿದ್ದಿ ಮರವನ್ನೂ ಸೇರಿಸಿದರು. ಬೇರೆ ದೇಶದಲ್ಲಿ ಅಲ್ಲಿನ ಕಾನೂನು ಮುರಿದು ಕಡಿದ ಮರ ಅಮೆರಿಕಕ್ಕೆ ಬಂದರೂ ಅಪರಾಧ ಅಂತ ಆಯಿತು. ಯುರೋಪಿಯನ್ ಒಕ್ಕೂಟ 2003ರಲ್ಲಿ ಫ್ಲೆಗ್ಟ್ ಅನ್ನುವ ಯೋಜನೆ ತಂದಿತು. ಮರ ಬೆಳೆಯುವ ದೇಶದ ಜೊತೆ ಒಪ್ಪಂದ ಮಾಡಿಕೊಳ್ಳುವುದು, ಅಲ್ಲಿನ ಕಾನೂನು, ತಪಾಸಣೆ ಗಟ್ಟಿ ಮಾಡಲು ನೆರವು ಕೊಡುವುದು, ಕೊನೆಗೆ ಆ ದೇಶದ ಪರವಾನಗಿ ಇರುವ ಮರವನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದು. 2013ರ ಮಾರ್ಚಿನಿಂದ ಕಳ್ಳ ಮರವನ್ನು ಯುರೋಪಿನ ಪೇಟೆಗೆ ತರುವುದೇ ನಿಷೇಧ. ಆಸ್ಟ್ರೇಲಿಯಾ, ಜಪಾನ್ ಕೂಡ ತಮ್ಮದೇ ಕಾನೂನು ಮಾಡಿಕೊಂಡವು.

ಒಳ್ಳೆಯದೇ ಆಯಿತು ಅಲ್ವಾ? ಆಯಿತು. ಆದರೆ ಇಲ್ಲೊಂದು ಪೆಟ್ಟು ಬಿತ್ತು. ಕಾಗದಪತ್ರ ಜೋಡಿಸುವುದು ಯಾರಿಗೆ ಸುಲಭ? ದೊಡ್ಡ ಕಂಪನಿಗೆ. ಅವರ ಬಳಿ ವಕೀಲರಿದ್ದಾರೆ, ನಕ್ಷೆ ಬರೆಯುವವರಿದ್ದಾರೆ. ಕಾಡಂಚಿನ ಹಳ್ಳಿಯವರು ತಲೆತಲಾಂತರದಿಂದ ಅಲ್ಲೇ ಇದ್ದರೂ ಅವರ ಹೆಸರಿನಲ್ಲಿ ಒಂದು ಚೂರು ಕಾಗದ ಇರುವುದಿಲ್ಲ. ಕಾನೂನು ಬಿಗಿಯಾದಾಗ ಮೊದಲು ಕಳ್ಳರ ಪಟ್ಟಿಗೆ ಸೇರುವವರು ಅವರೇ. ಕ್ಯಾಮರೂನ್ ನೋಡಿ. ಅಲ್ಲಿ 1994ರ ಕಾನೂನು ಹಳ್ಳಿಗೆ 5,000 ಹೆಕ್ಟೇರ್‌ವರೆಗೆ ಸಮುದಾಯ ಅರಣ್ಯ ಕೇಳುವ ಅವಕಾಶ ಕೊಟ್ಟಿತು. ಆದರೆ ಜೊತೆಗೆ ನಿರ್ವಹಣಾ ಯೋಜನೆ ಬೇಕು, ಮರಗಳ ಎಣಿಕೆ ಬೇಕು. ಅದನ್ನು ಮಾಡಿಸುವ ದುಡ್ಡು ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ಎಷ್ಟೋ ಕಡೆ ಮರದ ವ್ಯಾಪಾರಿಯೇ ಖರ್ಚು ಹಾಕಿದ, ಮರವನ್ನೂ ಅವನೇ ಹೊಡೆದುಕೊಂಡು ಹೋದ.

ಈಗ ನನಗೆ ತುಂಬ ಇಷ್ಟವಾದ ಕತೆಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಮಧ್ಯ ಅಮೆರಿಕದಲ್ಲಿ ಗ್ವಾಟೆಮಾಲ ಅಂತ ಪುಟ್ಟ ದೇಶ. ಅದರ ಉತ್ತರಕ್ಕೆ ಪೆಟೆನ್ ಅನ್ನುವ ಪ್ರಾಂತ. ದಟ್ಟ ಕಾಡು. ಆ ಕಾಡಿನೊಳಗೆ ಹಳೆಯ ಮಾಯಾ ಜನರ ಕಲ್ಲಿನ ಗುಡಿಗಳು, ನಗರಗಳು. ಅಲ್ಲಿ ಕಾರ್ಮೆಲಿಟ, ವಾಶಕ್ತೂನ್ ಅಂತ ಊರುಗಳಿವೆ. ಚೂಯಿಂಗ್ ಗಮ್ ಗೊತ್ತಲ್ಲ? ಮೊದಲು ಅದನ್ನು ಮಾಡುತ್ತಿದ್ದದ್ದು ಚಿಕ್ಲೆ ಅನ್ನುವ ಅಂಟಿನಿಂದ. ಸಪೋಟ ಮರಕ್ಕೆ ಗೀರು ಹಾಕಿದರೆ ಬರುವ ಹಾಲು ಅದು. ಆ ಅಂಟು ಇಳಿಸಲು ಬಂದವರು ಕಟ್ಟಿದ ಊರುಗಳು ಇವು. ಅಜ್ಜ ಅಂಟು ಇಳಿಸಿದ, ಅಪ್ಪ ಇಳಿಸಿದ, ಮಗನೂ ಇಳಿಸಿದ. ಜೊತೆಗೆ ಶಾತೆ ಅನ್ನುವ ಗಿಡದ ಎಲೆ ಕೊಯ್ಯುತ್ತಾರೆ. ಹೂವಿನ ಅಲಂಕಾರಕ್ಕೆ ಅದು ಪರದೇಶಕ್ಕೆ ಹೋಗುತ್ತದೆ.

ಅದೇ ಕಾಡಿನಲ್ಲಿ ಮಹಾಗನಿ ಇದೆ. ಬೆಲೆಬಾಳುವ ಮರ. ಅದನ್ನು ಕಡಿಯುವ ಗುತ್ತಿಗೆ ಮಾತ್ರ ಹೊರಗಿನ ಕಂಪನಿಗಳಿಗೆ. ದಿಮ್ಮಿಗಳು ಊರಿನ ಮುಂದೆಯೇ ಲಾರಿಯಲ್ಲಿ ಹೋಗುತ್ತಿದ್ದವು.

1990ರಲ್ಲಿ ಸರ್ಕಾರ ಅಲ್ಲಿ ಮಾಯಾ ಜೀವಗೋಳ ಮೀಸಲು ಪ್ರದೇಶ ಘೋಷಿಸಿತು. ಸುಮಾರು 21 ಲಕ್ಷ ಹೆಕ್ಟೇರ್. ಹೊರದೇಶಗಳ ನೆರವು ಬಂತು. ಕಾಡು ಉಳಿಯಿತು ಅಂತ ಎಲ್ಲರಿಗೂ ಸಂತೋಷ. ಆದರೆ ಆ ಕಾಡಿನಲ್ಲೇ ಹುಟ್ಟಿದವರ ಪಾಡು ಯೋಚಿಸಿ. ನಿನ್ನೆವರೆಗೂ ನಮ್ಮ ಕಾಡು ಅಂದುಕೊಂಡಿದ್ದವರು, ಒಂದು ಕಾನೂನು ಬಂದ ಮಾರನೇ ದಿನ, ತಮ್ಮ ಮನೆ ಅಂಗಳದಲ್ಲೇ ಅತಿಕ್ರಮಣದಾರರು. ಸಿಟ್ಟು ಬಂತು. ಬರದೆ ಇರುತ್ತದೆಯೇ?

ದೇಶದಲ್ಲಿ ಆಗ ಅಂತರ್ಯುದ್ಧ ಬೇರೆ. ಮೂವತ್ತಾರು ವರ್ಷ ನಡೆದದ್ದು 1996ರಲ್ಲಿ ನಿಂತಿತು. ಜನ ಸಂಘಟಿತರಾಗಿದ್ದರು, ಕಾಡಿನ ಹಕ್ಕು ಕೇಳಿದರು. 1995ರಲ್ಲಿ ಅಕೋಫೋಪ್ ಅನ್ನುವ ಒಕ್ಕೂಟ ಕಟ್ಟಿಕೊಂಡರು. ಮೀಸಲು ಪ್ರದೇಶದಲ್ಲಿ ಒಂದು ಭಾಗ ಕಟ್ಟುನಿಟ್ಟಿನ ರಾಷ್ಟ್ರೀಯ ಉದ್ಯಾನ. ಇನ್ನೊಂದು ಭಾಗ ಬಹೂಪಯೋಗಿ ವಲಯ, ಅಲ್ಲಿ ಕಾಡನ್ನು ಬಳಸಬಹುದು. ಆ ಎರಡನೆಯ ಭಾಗದಲ್ಲಿ ಸರ್ಕಾರ ಊರುಗಳಿಗೇ ಗುತ್ತಿಗೆ ಕೊಡಲು ಒಪ್ಪಿತು. ಒಂದೊಂದೂ 25 ವರ್ಷದ್ದು. 1994ರಿಂದ 2002ರ ತನಕ ಹನ್ನೆರಡು ಸಮುದಾಯಗಳಿಗೆ ಸಿಕ್ಕಿತು, ಒಟ್ಟು 4 ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡು. ನೆಲ ಸರ್ಕಾರದ್ದೇ. ಬಳಸುವ, ಕಾಯುವ, ಮಾರುವ ಹಕ್ಕು ಊರಿನದು. ಒಂದು ಷರತ್ತು. ಮೂರು ವರ್ಷದೊಳಗೆ ಎಫ್‌ಎಸ್‌ಸಿ ಪ್ರಮಾಣಪತ್ರ ಪಡೆಯಬೇಕು. ಕಾಡನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆ ಅಂತ ಹೊರಗಿನವರು ಬಂದು ನೋಡಿ ಕೊಡುವ ಪತ್ರ ಅದು.

ಎಷ್ಟೋ ಜನ ಆಗ ಏನಂದರು ಗೊತ್ತಾ? ಅಂಟು ಇಳಿಸುವವರಿಗೆ ಮಹಾಗನಿ ಕಾಡು ಕೊಟ್ಟರೆ ಐದು ವರ್ಷದಲ್ಲಿ ಬೋಳು ಮಾಡುತ್ತಾರೆ ಅಂದರು. ಈ ಮಾತು ನಾನು ಇವತ್ತಿಗೂ ಕೇಳುತ್ತೇನೆ, ಬೇರೆ ಬೇರೆ ಭಾಷೆಯಲ್ಲಿ, ಓದಿದವರ ಬಾಯಲ್ಲೇ. ನನಗೆ ಬೇಜಾರಾಗುತ್ತದೆ.

ಆದದ್ದೇನು ಕೇಳಿ. ಊರಿನವರು ಕಾಡನ್ನು ತುಂಡು ತುಂಡಾಗಿ ವಿಂಗಡಿಸಿದರು. ಈ ವರ್ಷ ಒಂದು ತುಂಡು, ಬರುವ ವರ್ಷ ಮುಂದಿನದು. ಒಮ್ಮೆ ಕಡಿದ ತುಂಡಿಗೆ ಮತ್ತೆ ಕೊಡಲಿ ಬೀಳುವುದು 25ರಿಂದ 40 ವರ್ಷದ ಮೇಲೆ. ಕಡಿಯುವ ಮೊದಲು ಪ್ರತಿ ದೊಡ್ಡ ಮರದ ಬುಡಕ್ಕೂ ಹೋಗಿ ಸುತ್ತಳತೆ ತೆಗೆದು, ನಂಬರ್ ಹಾಕಿ, ನಕ್ಷೆಯಲ್ಲಿ ಗುರುತು ಮಾಡುತ್ತಾರೆ. ಸಣ್ಣ ಮರ ಮುಟ್ಟುವಂತಿಲ್ಲ. ಬೀಜಕ್ಕೆ ಅಂತ ಒಳ್ಳೆಯ ಮರಗಳನ್ನು ಬಿಡುತ್ತಾರೆ. ಒಂದು ಹೆಕ್ಟೇರಿನಲ್ಲಿ ಬೀಳುವುದು ಒಂದೆರಡು ಮರ, ಅಷ್ಟೇ. ಬೊಡ್ಡೆಯ ಮೇಲಿನ ನಂಬರೇ ದಿಮ್ಮಿಯ ಮೇಲೆ, ಅದೇ ನಂಬರ್ ಸಾಗಣೆಯ ರಹದಾರಿಯಲ್ಲಿ. ಸಾಮಿಲ್ಲಿನ ಲೆಕ್ಕದಿಂದ ಹಿಂದಕ್ಕೆ ಹೋದರೆ ಬೊಡ್ಡೆ ಸಿಗುತ್ತದೆ. ಇದನ್ನೇ ಕಾನೂನುಬದ್ಧ ನಾಟಾ ಅನ್ನುವುದು. ಗಿಟಾರು ಮಾಡುವ ಕಂಪನಿಗಳು ಆ ಊರುಗಳ ಮಹಾಗನಿ ಕೊಂಡಿವೆ.

ಇಲ್ಲಿ ಹೊರಗಿನ ನೆರವಿನ ಪಾತ್ರ ನೋಡಬೇಕು. ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್ ಹಣ ಕೊಟ್ಟಿತು. ಪ್ರತಿ ಊರಿನ ಜೊತೆ ಒಂದು ಸ್ವಯಂಸೇವಾ ಸಂಸ್ಥೆ ಇರಬೇಕು ಅಂತ ಸರ್ಕಾರ ನಿಯಮ ಮಾಡಿತ್ತು. ಮೊದಮೊದಲು ಎಲ್ಲ ಕೆಲಸ ಆ ಸಂಸ್ಥೆಯವರೇ ಮಾಡಿದರು. ಯೋಜನೆ ಅವರದು, ಲೆಕ್ಕ ಅವರದು, ವ್ಯಾಪಾರದ ಮಾತೂ ಅವರದು. ಊರಿನವರು ಸುಮ್ನೆ ಸಹಿ ಹಾಕಿದರು. ಆಮೇಲೆ ಊರಿನವರು ಎಚ್ಚೆತ್ತರು. ಅರಣ್ಯದ ಲೆಕ್ಕ ಬರುವ ತಮ್ಮದೇ ತಾಂತ್ರಿಕರನ್ನು ಇಟ್ಟುಕೊಂಡರು. 2003ರಲ್ಲಿ ಹಲವು ಊರು ಸೇರಿ ಫೋರೆಸ್‌ಕಾಮ್ ಅನ್ನುವ ಸ್ವಂತ ಕಂಪನಿ ಮಾಡಿಕೊಂಡರು. ಒಬ್ಬೊಬ್ಬರೇ ಮಾರಿದರೆ ವ್ಯಾಪಾರಿ ಹೇಳಿದ್ದೇ ಬೆಲೆ. ಒಟ್ಟಾಗಿ ನಿಂತರೆ ಚೌಕಾಸಿ ಮಾಡಬಹುದು. ನೆರವು ಕೊಡುವವರಿಗೆ ನಾನು ಹೇಳುವುದು ಇದನ್ನೇ. ಊರಿನವರ ಕೆಲಸ ನೀವು ಮಾಡಬೇಡಿ, ಅವರಿಗೆ ಕಲಿಸಿ ಪಕ್ಕಕ್ಕೆ ಸರಿಯಿರಿ.

ಹಣ ಊರಿಗೆ ಬಂದಾಗ ಮೇಷ್ಟ್ರ ಸಂಬಳ, ಮಕ್ಕಳ ವಿದ್ಯಾರ್ಥಿವೇತನ, ಔಷಧಿ ಖರ್ಚು ಅದರಲ್ಲೇ ನಡೆಯಿತು. ಶಾತೆ ಎಲೆ ಆರಿಸಿ ಕಟ್ಟುವ ಕೆಲಸದಲ್ಲಿ ಹೆಂಗಸರ ಕೈಗೂ ದುಡ್ಡು ಬಂತು. ಬೇಸಿಗೆಯಲ್ಲಿ ಬೆಂಕಿರೇಖೆ ಎಳೆಯುವವರು ಊರಿನವರೇ, ಗಸ್ತು ತಿರುಗುವವರೂ ಅವರೇ. ಅದೇ ಮೀಸಲು ಪ್ರದೇಶದ ಪಶ್ಚಿಮಕ್ಕೆ ಲಗುನಾ ದೆಲ್ ಟಿಗ್ರೆ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿ ಒಂದು ಮರವನ್ನೂ ಕಡಿಯುವಂತಿಲ್ಲ. ಕಾಗದದ ಮೇಲೆ ಪೂರ್ತಿ ರಕ್ಷಣೆ. ಆದರೆ ದನದ ದೊಡ್ಡ ದೊಡ್ಡ ಫಾರಂಗಳು ಒಳನುಗ್ಗಿದವು, ಮಾದಕ ವಸ್ತು ಸಾಗಿಸುವವರು ವಿಮಾನ ಇಳಿಸಲು ಕಾಡು ಸವರಿದರು, ಬೆಂಕಿ ಬಿತ್ತು. ಕಾಡಿನ ದೊಡ್ಡ ಭಾಗ ಹೋಯಿತು. ಮರ ಕಡಿದು ಮಾರುವ ಊರುಗಳಲ್ಲಿ ಹೆಚ್ಚಿನವುಗಳ ಕಾಡು ಹಸಿರಾಗಿ ನಿಂತಿದೆ. ಮರ ಮುಟ್ಟಬೇಡಿ ಅಂದ ಉದ್ಯಾನ ಬೋಳಾಗಿದೆ. ಉಪಗ್ರಹ ಚಿತ್ರದಲ್ಲಿ ಈ ಗಡಿ ಬರಿಗಣ್ಣಿಗೇ ಕಾಣುತ್ತದೆ. ಮರ ಕಡಿಯುವುದೇ ತಪ್ಪು ಅನ್ನುವವರು ದಯವಿಟ್ಟು ಆ ಚಿತ್ರ ಒಮ್ಮೆ ನೋಡಿ.

25 ವರ್ಷದ ಅವಧಿ ಮುಗಿಯುತ್ತಾ ಬಂದಾಗ ಎಲ್ಲರಿಗೂ ಆತಂಕ. 2019ರ ಕೊನೆಯಲ್ಲಿ ಕಾರ್ಮೆಲಿಟದ ಗುತ್ತಿಗೆಯನ್ನು ಮುಂದುವರಿಸಿದರು, ಆಮೇಲೆ ಬೇರೆ ಊರುಗಳದ್ದೂ ಆಯಿತು. ಅದಕ್ಕೇ ಹೇಳಿದ್ದು, ಮೊದಲು ಜನಕ್ಕೆ ಹಕ್ಕುಪತ್ರ, ಆಮೇಲೆ ಮರಕ್ಕೆ ರಹದಾರಿ. ಹಕ್ಕು ನಾಳೆಯೂ ಇರುತ್ತದೆ ಅನ್ನುವ ನಂಬಿಕೆ ಇದ್ದವನು ಮಾತ್ರ ಬೀಜದ ಮರ ಬಿಡುತ್ತಾನೆ.

ಈ ಕತೆಗೇ ಜಾಸ್ತಿ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ.

ಜನರ ಹೆಸರಿನಲ್ಲಿ ಕಾಗದ ಇದ್ದರೆ ಸಾಲದು, ಅದು ಜನರ ಕೈಯಲ್ಲಿ ಇರಬೇಕು. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಯುದ್ಧಕ್ಕೆ ಮರದ ಹಣ ಹೋಗುತ್ತಿದೆ ಅಂತ 2003ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಲ್ಲಿನ ಮರವನ್ನು ಯಾರೂ ಕೊಳ್ಳಬಾರದು ಅಂತ ನಿರ್ಬಂಧ ಹಾಕಿತು. 2006ರಲ್ಲಿ ತೆಗೆದರು. 2009ರಲ್ಲಿ ಸಮುದಾಯಗಳಿಗೆ ಹಕ್ಕು ಕೊಡುವ ಒಳ್ಳೆಯ ಕಾನೂನೂ ಬಂತು. ಆದರೆ ಖಾಸಗಿ ಜಮೀನಿನ ಮರ ಕಡಿಯಲು ಕೊಡುವ ಖಾಸಗಿ ಬಳಕೆಯ ಪರವಾನಗಿ ಅನ್ನುವ ಬೇರೊಂದು ಕಿಂಡಿ ತೆರೆದೇ ಇತ್ತು. ಅದರ ಮೂಲಕ 2012ರ ಹೊತ್ತಿಗೆ ದೇಶದ ನೆಲದ ಸುಮಾರು ಕಾಲು ಭಾಗ ಮರದ ಕಂಪನಿಗಳಿಗೆ ಹೋಗಿತ್ತು. ಹಳ್ಳಿಯವರು ಒಪ್ಪಿದ್ದಾರೆ ಅನ್ನುವ ಪತ್ರಗಳಲ್ಲಿ ನಕಲಿಗಳಿದ್ದವು. ಸರ್ಕಾರವೇ ತನಿಖೆ ಮಾಡಿಸಿ ತಡೆಹಿಡಿಯಬೇಕಾಯಿತು.

ನೇಪಾಳದಲ್ಲಿ 1993ರ ಅರಣ್ಯ ಕಾಯ್ದೆ ಬಳಕೆದಾರರ ಗುಂಪುಗಳಿಗೆ ಕಾಡು ಒಪ್ಪಿಸಿತು. ಈಗ 22,000ಕ್ಕೂ ಹೆಚ್ಚು ಗುಂಪುಗಳಿವೆ. ಬೋಳು ಗುಡ್ಡಗಳು ಮತ್ತೆ ಹಸಿರಾದವು. ಆದರೆ ಕಡಿಯಲು, ಮಾರಲು ನಿಯಮದ ಮೇಲೆ ನಿಯಮ. ಬಿದ್ದ ಮರ ಕಾಡಿನಲ್ಲೇ ಕೊಳೆಯುತ್ತದೆ, ದೇಶ ಹೊರಗಿನಿಂದ ಮರ ತರಿಸಿಕೊಳ್ಳುತ್ತದೆ. ಕಾಯುವ ಹಕ್ಕು ಕೊಟ್ಟು ಮಾರುವ ಹಕ್ಕು ಬಿಗಿದರೆ ಅದು ಅರ್ಧ ಹಕ್ಕು.

ಇಂಡೊನೇಷ್ಯಾ ಯುರೋಪಿಗೆ ಫ್ಲೆಗ್ಟ್ ಪರವಾನಗಿ ಕೊಟ್ಟ ಮೊದಲ ದೇಶ, 2016ರ ನವೆಂಬರ್ 15ರಂದು. ದೊಡ್ಡ ಸಾಧನೆ. ಅಲ್ಲಿ ಪೀಠೋಪಕರಣ ಮಾಡುವ ಸಣ್ಣ ಬಡಗಿಗಳಿಗೆ ತಪಾಸಣೆಯ ಖರ್ಚು ಭಾರವಾಗಿತ್ತು. ಹತ್ತಾರು ಜನ ಸೇರಿ ಒಂದೇ ಪ್ರಮಾಣಪತ್ರ ಪಡೆಯುವ ದಾರಿ ಮಾಡಿದ ಮೇಲೆ ಅವರು ಒಳಗೆ ಬಂದರು. ಬೇರೆ ದೇಶಗಳೂ ಈ ದಾರಿ ಹಿಡಿಯಬಹುದು.

ಕೊನೆಯದಾಗಿ, ಈಗಲೇ ಆಗಬೇಕಾದ ಕೆಲಸ. ಯುರೋಪ್ 2023ರಲ್ಲಿ ಇನ್ನೂ ಬಿಗಿಯಾದ ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ನಾಶವಾದ ಜಾಗದಿಂದ ಮರ ಬರುವಂತಿಲ್ಲ. ಮರ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಈ ಬಿಡುವನ್ನು ಸಭೆ ಸಮ್ಮೇಳನಗಳಲ್ಲಿ ಕಳೆಯಬೇಡಿ. ನೆರವಿನ ಹಣ ಹಳ್ಳಿಗೆ ಹೋಗಲಿ. ಜಿಪಿಎಸ್ ಹಿಡಿದು ಗಡಿ ನಡೆಯುವ ಹುಡುಗ ಹುಡುಗಿಯರಿಗೆ ತರಬೇತಿ ಸಿಗಲಿ, ಲೆಕ್ಕ ಬರೆಯುವವರಿಗೆ ಸಂಬಳ ಸಿಗಲಿ. ಕಡಿಯುವ ಕಾಲದ ಮೊದಲು ಡೀಸೆಲ್ಲಿಗೆ, ಟ್ರ್ಯಾಕ್ಟರ್ ಬಾಡಿಗೆಗೆ ಕಡಿಮೆ ಬಡ್ಡಿಯ ಸಾಲವೂ ಬೇಕು. ಆ ಸಾಲ ಇಲ್ಲದಿದ್ದರೆ ವ್ಯಾಪಾರಿ ಮುಂಗಡ ಕೊಟ್ಟು ಮರ ಬೀಳುವ ಮೊದಲೇ ಬೆಲೆ ಕಟ್ಟಿಬಿಡುತ್ತಾನೆ.

ನೀವು ಮರದ ಸಾಮಾನು ಕೊಳ್ಳುವಾಗ ಅಂಗಡಿಯವರನ್ನು ಎರಡು ಮಾತು ಕೇಳಿ. ಇದು ಯಾವ ದೇಶದ ಯಾವ ಕಾಡಿನ ಮರ? ಆ ಕಾಡಿನ ಜನಕ್ಕೆ ಇದರಲ್ಲಿ ಪಾಲು ಇದೆಯಾ? ಅವರಿಗೆ ಗೊತ್ತಿಲ್ಲದಿದ್ದರೆ, ತಮಗೆ ಮರ ಕೊಟ್ಟವರನ್ನು ಕೇಳಿ ತಿಳಿಸಲಿ. ನೀವು ಕೇಳುವುದನ್ನು ಬಿಡಬೇಡಿ.

ನಮಸ್ಕಾರ.